ಒಂದು ಕೈಯ ಸೈಡ್‌ಡ್ರಮ್ಮು

ಆಷಾಢದಲ್ಲಿ ನಮ್ಮ ಬ್ಯಾಂಡ್ ಸೆಟ್‌ನವರಿಗೆ ಕೆಲಸವಿರುವುದಿಲ್ಲ. ಮದುವೆಗಳು ನಿಂತಿರುತ್ತವೆ. ಸಿರುಗುಪ್ಪದ ನಮ್ಮ ಅಂಗಡಿಯ ಷಟರ್ ಅರ್ಧ ಎಳೆದುಕೊಂಡು, ಒಳಗೆ ಕೂತು ಹಿತ್ತಾಳೆ ಉಜ್ಜುತ್ತಾ, ಹರಿದದ್ದನ್ನು ಸರಿಮಾಡುತ್ತಾ ಕಾಲ ತಳ್ಳುತ್ತೇವೆ. ಅಂಥದೊಂದು ಮಧ್ಯಾಹ್ನ ನಾನು ನನ್ನ ಸ್ಯಾಕ್ಸೋಫೋನಿನ ಹಳೇ ಚರ್ಮದ ಪ್ಯಾಡು ಕಿತ್ತು, ಅರಗು ಕರಗಿಸಿ ಹೊಸದನ್ನು ಅಂಟಿಸುತ್ತಿದ್ದಾಗ ಬೇಸ್‌ನವರು ಬಗ್ಗಿಕೊಂಡು ಒಳಗೆ ಬಂದರು.

ಬೇಸ್ ಎಂದರೆ ಆಳೆತ್ತರದ ಪಿಟೀಲಿನಂಥ ವಾದ್ಯ. ನಿಲ್ಲಿಸಿಕೊಂಡು, ತಬ್ಬಿಕೊಂಡು ನುಡಿಸಬೇಕು. ಅದನ್ನು ನುಡಿಸುವ ಈ ಮನುಷ್ಯ ಬಳ್ಳಾರಿಯಲ್ಲೇ ಹುಟ್ಟಿ, ಊರೂರು ತಿರುಗಿ ಜಾಜ್ ನುಡಿಸಿ ಬದುಕುವವರು. ನೆಂಟರ ಮದುವೆಯ ಮೆರವಣಿಗೆಯಲ್ಲಿ ನನ್ನ ಊದು ಕೇಳಿದ್ದರಂತೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಬ್ಬ ಮೇಡಂ ತಮ್ಮ ಹಳೇ ಮನೆಯ ಪಡಸಾಲೆಯನ್ನು ಚಿತ್ರಗಳ ಗ್ಯಾಲರಿ ಮಾಡಿದ್ದಾರೆ, ಅಲ್ಲಿ ಒಂದು ಸಂಜೆ ನಾವಿಬ್ಬರೂ ಕೂಡಿ ನುಡಿಸೋಣ ಎಂದರು. ಏನು ನುಡಿಸುವುದು ಎಂದು ಕೇಳಿದೆ. ಏನೂ ಗೊತ್ತುಮಾಡಿಕೊಳ್ಳುವುದಿಲ್ಲ, ಹಾಡಿಲ್ಲ, ರಾಗವಿಲ್ಲ, ತಾಳದ ಲೆಕ್ಕವಿಲ್ಲ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಆ ಗಳಿಗೆಗೆ ತೋಚಿದ್ದನ್ನು ನುಡಿಸುವುದು, ಫ್ರೀ ಜಾಜ್ ಎಂದರೆ ಅದೇ ಎಂದರು. ನಾನು ನಕ್ಕುಬಿಟ್ಟೆ. ತಾಳ ತಪ್ಪಿದರೆ ಮದುವೆಯವರು ಊಟಕ್ಕೂ ಕರೆಯದ ಲೋಕದಲ್ಲಿ ಬೆಳೆದವನು ನಾನು. ತಾಳವೇ ಬೇಡ ಎನ್ನುವವರನ್ನು ಅವತ್ತೇ ಮೊದಲು ನೋಡಿದ್ದು.

ಆದರೆ ಹೋಗುವಾಗ ಅವರು ಒಂದು ಮಾತು ಕೇಳಿದರು: ಡ್ರಮ್ಮಿನವರು ಯಾರಾದರೂ ಇದ್ದಾರಾ? ಆ ಕ್ಷಣಕ್ಕೆ ನನಗೆ ಹೊಳೆದದ್ದು ಒಂದೇ ಮುಖ. ತಾಳದ ಲೆಕ್ಕವಿಲ್ಲ ಎಂದಮೇಲೆ, ಒಂದು ಕೈಯಾದರೂ ಸಾಕಲ್ಲವೇ.

ಕುರುಗೋಡಿನ ಅಣ್ಣ ನಮ್ಮ ಸೆಟ್‌ನ ಸೈಡ್‌ಡ್ರಮ್ಮಿನವನು. ಒಡಹುಟ್ಟಿದ ಅಣ್ಣನಲ್ಲ, ಆದರೆ ನಾನು ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತಾ ಊದಲು ಕಲಿತದ್ದು ಅವನ ಕೋಲಿನ ಸದ್ದಿನ ಹಿಂದೆ. ಸೆಟ್‌ನಲ್ಲಿ ಎರಡು ಕಟ್ಟಳೆಗಳಿವೆ, ಎರಡನ್ನೂ ಕಲಿಸಿದವನು ಅವನೇ. ಒಬ್ಬನ ಕೈಯೋ ಉಸಿರೋ ತಪ್ಪಿದರೆ ಉಳಿದವರೆಲ್ಲ ಕೂಡಲೇ ಜೋರು ಮಾಡಿ ಅದನ್ನು ಮುಚ್ಚಬೇಕು. ಇದು ಮೊದಲನೆಯದು. ಎರಡನೆಯದು, ದಾರಿಯಲ್ಲಿ ಸಾವಾದ ಮನೆ ಬಂದರೆ ಬಾಜಾ ನಿಲ್ಲಬೇಕು. ಅಣ್ಣ ಬಲಗೈಯ ಕೋಲು ಮೇಲೆತ್ತುತ್ತಿದ್ದ. ಕುಣಿಯುವವರು ಎಷ್ಟೇ ಕೂಗಾಡಲಿ, ನಾವು ಸದ್ದಿಲ್ಲದೆ ಆ ಮನೆ ದಾಟುತ್ತಿದ್ದೆವು.

ಹಿಂದಿನ ವರ್ಷ ಒಂದು ಬೆಳಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಲ್ಲೇ ಕುಸಿದಿದ್ದ. ಲಕ್ವಾ. ಜೀವ ಉಳಿಯಿತು, ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟು ಕಾಲೂ ಬಂತು. ಮಾತು ಸ್ವಲ್ಪ ತೊದಲುತ್ತಿತ್ತು. ಬಲಗೈ ಮಾತ್ರ ಬರಲಿಲ್ಲ. ಡ್ರಮ್ಮು ಗೋಡೆಯ ಗೂಟಕ್ಕೆ ಏರಿತು. ನೋಡಲು ಬಂದವರೆಲ್ಲ ಪಾಪ, ಪಾಪ ಎನ್ನತೊಡಗಿದಮೇಲೆ ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ರೂಢಿ ಮಾಡಿಕೊಂಡಿದ್ದ.

ಬೇಸ್‌ನವರನ್ನು ಕರೆದುಕೊಂಡು ಕುರುಗೋಡಿಗೆ ಹೋದೆ. ವಿಷಯ ಪೂರ್ತಿ ಕೇಳಿ ಅಣ್ಣ ಎಡಗೈಯಿಂದ ಗೂಟ ತೋರಿಸಿದ. ಅಷ್ಟೇ. ಡ್ರಮ್ಮು ಇಳಿಸಿದೆ. ಚರ್ಮದ ಮೇಲಿನ ಧೂಳನ್ನು ಅತ್ತಿಗೆ ಸೆರಗಿನಿಂದ ಒರೆಸಿದರು.

ಬೇಸ್‌ನವರು ಚಹಾ ಕುಡಿಯುತ್ತಿದ್ದಾಗ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದರು. ಅಣ್ಣನ ಹೆಂಡತಿ, ಹೊಲಕ್ಕೆ ಕೂಲಿಗೆ ಹೋಗಿ ಆ ಮನೆ ನಿಲ್ಲಿಸಿದ ಹೆಂಗಸು. ಮಾತು ಕಮ್ಮಿ.

“ಅವ್ರು ಹೂಂ ಅಂದಾರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮಂದಿ ಮುಂದ ಕೈ ತಪ್ಪಿದ್ರ ಮತ್ತ ಗ್ವಾಡಿ ಕಡಿ ಹೊಳ್ಳತಾರ ನೋಡಪ. ಈ ಸಲ ಹೊಳ್ಳಿದ್ರ ತಿರುಗಿ ನನ್ನ ಕಡಿ ನೋಡಾದಿಲ್ಲ. ತಪ್ಪಿದ್ರ ನೀ ಜೋರ ಊದಿ ಮುಚ್ಚಬೇಕು. ಮಾತು ಕೊಡು ನನಗ.”

ಕೊಟ್ಟೆ. ಕೊಡದೆ ಏನು ಮಾಡಲಿ. ನಮಗೆ ಗೊತ್ತಿದ್ದ ಕೆಲಸವೇ ಅದು.

ತಾಲೀಮು ಕುರುಗೋಡಿನಲ್ಲಿ ಅಣ್ಣನ ಮನೆ ಮುಂದಿನ ಕಟ್ಟೆಯ ಮೇಲೇ ನಡೆಯಿತು. ಮೊದಲ ತೊಡಕು ಬಲಗೈಯದು. ಅಣ್ಣನಿಗೆ ಆ ಕೈಯಲ್ಲೂ ಕೋಲು ಬೇಕೇ ಬೇಕು. ಬೆರಳು ಹಿಡಿಯುವುದಿಲ್ಲವಾದ್ದರಿಂದ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಕೋಲನ್ನು ಅಂಗೈಗೆ ಸುತ್ತಿ ಕಟ್ಟಿದೆ. ಭುಜದಿಂದ ತೋಳು ಸ್ವಲ್ಪ ಎತ್ತಿದರೆ ಕೋಲು ಬಿದ್ದು ಚರ್ಮಕ್ಕೆ ತಾಗುತ್ತಿತ್ತು. ಒಮ್ಮೆ ತಾಗಿದರೆ ಎರಡು ಸಲ ತಪ್ಪುತ್ತಿತ್ತು. ಬಿಗಿ ಕಟ್ಟಿದರೆ ಕೈ ಕಪ್ಪಾಗುತ್ತಿತ್ತು, ಸಡಿಲ ಕಟ್ಟಿದರೆ ಕೋಲು ಓಣಿಗೆ ಹಾರುತ್ತಿತ್ತು.

ಎರಡನೆಯ ತೊಡಕು ಎಡಗೈಯದು. ಅದು ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಬಲಗೈಯ ರೂಢಿ ಬಿದ್ದಿತ್ತು. ಒಂದು ಪೆಟ್ಟು ಹಾಕಿ ನಿಲ್ಲುತ್ತಿತ್ತು, ಬಲಗೈಯ ಪೆಟ್ಟಿಗೆ ಜಾಗ ಬಿಟ್ಟು ಕಾಯುತ್ತಿತ್ತು. ಆ ಪೆಟ್ಟು ಬರುತ್ತಿರಲಿಲ್ಲ. ಕೇಳುವಾಗ ನನ್ನ ಬಾಯಿ ತಾನಾಗಿ ಆ ಜಾಗ ತುಂಬಲು ಹೋಗುತ್ತಿತ್ತು. ಬೇಸ್‌ನವರು ಪ್ರತಿ ಸಲವೂ ಕಮಾನು ಕೆಳಗಿಟ್ಟು, ತುಂಬಬೇಡಿ ಎನ್ನುತ್ತಿದ್ದರು. ಆ ಮನುಷ್ಯನ ಸಮಾಧಾನ ನೋಡಿ ನನಗೆ ಸಿಟ್ಟು ಬರುತ್ತಿತ್ತು. ಅವರಿಗೇನು, ಅವರು ಅತ್ತಿಗೆಗೆ ಮಾತು ಕೊಟ್ಟವರಲ್ಲ.

ಡ್ರಮ್ಮನ್ನು ಹೊಡೆಯಲೇಬೇಕೆಂದಿಲ್ಲ, ಉಜ್ಜಬಹುದು, ಒದ್ದೆ ಹೆಬ್ಬೆರಳಿನಿಂದ ಎಳೆಯಬಹುದು, ಉಗುರಿನಿಂದ ಕೆರೆಯಬಹುದು ಎಂದು ಅವರು ಮಾಡಿ ತೋರಿಸಿದರು. ಹೆಬ್ಬೆರಳು ಎಳೆದಾಗ ಚರ್ಮ ಕರು ಹಾಕುವ ಎಮ್ಮೆಯಂತೆ ನರಳಿತು. ಅಣ್ಣ ಹುಬ್ಬು ಗಂಟಿಕ್ಕಿ ನೋಡಿ, “ಇದು ಡ್ರಮ್ಮಲೇ, ಹಿಟ್ಟು ನಾದಾ ಪರಾತಲ್ಲ” ಎಂದ. ಲಕ್ವಾ ಹೊಡೆದಮೇಲೆ ಅವನು ಆಡಿದ ಮೊದಲ ತಮಾಷೆ ಅದು. ಅತ್ತಿಗೆ ಒಳಗಿನಿಂದ ನಕ್ಕದ್ದು ಕೇಳಿಸಿತು. ಮರುದಿನ ಹೋದಾಗ ಅವನೇ ಹೆಬ್ಬೆರಳು ಒದ್ದೆ ಮಾಡಿಕೊಂಡು ಕೂತಿದ್ದ.

ಆ ಸಂಜೆಯ ದಿನ ನಾವು ಮಧ್ಯಾಹ್ನವೇ ಗ್ಯಾಲರಿ ಸೇರಿದೆವು. ಗೋಡೆಯ ಮೇಲೆ ಮೇಡಂ ತಾವೇ ಬರೆದ ಚಿತ್ರಗಳು, ರಾರಾವಿಯ ಹತ್ತಿರ ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮರಳು, ಒಂದರ ಪಕ್ಕ ಒಂದು. ಕೆಳಗೆ ಕಡಪ ಕಲ್ಲಿನ ನೆಲ, ಮೇಲೆ ಎತ್ತರದ ತಾರಸಿ. ನಡುವೆ ನಿಂತು ಚಪ್ಪಾಳೆ ತಟ್ಟಿದೆ, ಸದ್ದು ನಾಲ್ಕೂ ಗೋಡೆಗೆ ಬಡಿದು ವಾಪಸ್ ಬಂತು. ಈ ಪಡಸಾಲೆಯಲ್ಲಿ ಡ್ರಮ್ಮು ಬಾರಿಸಿದರೆ ಬೇಸು ಕೇಳಿಸುವುದಿಲ್ಲ. ಮೇಡಂ ಕೇರಿಯ ಮನೆಮನೆಗೆ ಹೋಗಿ ಕೌದಿಗಳನ್ನು ತಂದರು. ಚಿತ್ರಗಳಿಲ್ಲದ ಹಿಂದಿನ ಗೋಡೆಗೆ ಹಗ್ಗ ಕಟ್ಟಿ ಅವನ್ನೆಲ್ಲ ಇಳಿಬಿಟ್ಟೆವು. ಯಾರ್ಯಾರದೋ ಹಳೇ ಸೀರೆ, ಲುಂಗಿ, ಲಂಗಗಳ ತುಂಡು ಜೋಡಿಸಿ ಹೊಲಿದ ದಪ್ಪ ಹೊದಿಕೆಗಳು. ಸದ್ದು ತಗ್ಗಿತು.

ಫ್ಯಾನು ಇನ್ನೊಂದು ತಕರಾರು. ಕಿರ್ ಕಿರ್ ಎನ್ನುವ ಅದನ್ನು ಆರಿಸದೆ ಬೇಸಿನ ಸಣ್ಣ ಸದ್ದು ಹಿಡಿಯುವಂತಿಲ್ಲ, ಆರಿಸಿದರೆ ಬಳ್ಳಾರಿಯಲ್ಲಿ ಜನ ಕೂರುವಂತಿಲ್ಲ. ಕೊನೆಗೆ ಮೇಡಂ ಕುರ್ಚಿಗೊಂದು ಬೀಸಣಿಗೆ ಇಟ್ಟರು. ಸೆಖೆಗೆ ನನ್ನ ರೀಡು, ಎಂದರೆ ಬಾಯಿಗೆ ಸಿಗುವ ಆ ಬಿದಿರಿನಂಥ ಸೀಳು, ಒಣಗಿ ಸೊಟ್ಟಗಾಗುತ್ತಿತ್ತು. ನೀರಿನ ಲೋಟದಲ್ಲಿ ನೆನೆಸಿಟ್ಟೆ.

ಆಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಸೈಡ್‌ಡ್ರಮ್ಮಿನ ತಳದಲ್ಲಿ ಚರ್ಮಕ್ಕೆ ಒತ್ತಿದಂತೆ ತಂತಿಗಳಿರುತ್ತವೆ, ಅದರ ಝರ್ ಎನ್ನುವ ಸದ್ದು ಅವುಗಳದ್ದೇ. ನಾನು ಅಥವಾ ಬೇಸ್‌ನವರು ತೀರ ಕೆಳಗಿನ ಸ್ವರ ಹಿಡಿದರೆ, ಯಾರೂ ಮುಟ್ಟದಿದ್ದರೂ ಆ ತಂತಿಗಳು ಸಣ್ಣಗೆ ನಡುಗಿ ಗುಂಯ್‌ಗುಡುತ್ತಿದ್ದವು. ಬಯಲಿನ ಮೆರವಣಿಗೆಯಲ್ಲಿ ಇದು ಯಾರಿಗೆ ಕೇಳಿಸಬೇಕು. ಬೇಸ್‌ನವರು ತಂತಿ ಸಡಿಲಿಸಲು ಹೋದರು. ಅಣ್ಣ ತಡೆದ. ಇರಲಿ ಬಿಡ್ರಿ, ಅದಕ್ಕೂ ಏನೋ ಹೇಳಬೇಕಾಗಿದೆ ಎಂದ.

ಜನ ಬಂದರು. ಕೇರಿಯವರು, ಕೌದಿ ಕೊಟ್ಟ ಹೆಂಗಸರು, ಕೆಲವು ಕಲಾವಿದರು, ಕಾಲೇಜಿನ ಮಂದಿ. ಅತ್ತಿಗೆ ಮುಂದಿನ ಸಾಲಿನ ಅಂಚಿನಲ್ಲಿ, ಕುರ್ಚಿಯ ತುದಿಯಲ್ಲಿ ಕೂತರು. ಬೀಸಣಿಗೆ ಕೈಯಲ್ಲಿತ್ತು, ಬೀಸಲಿಲ್ಲ.

ಬೇಸ್‌ನವರು ಕಮಾನಿನಿಂದ ಒಂದು ಉದ್ದ ಸ್ವರ ಎಳೆದು ಆರಂಭಿಸಿದರು. ನಾನು ಅದರ ಪಕ್ಕ ಇನ್ನೊಂದನ್ನು ಇಟ್ಟೆ. ಅಣ್ಣ ಎಡಗೈಯಿಂದ ಡ್ರಮ್ಮಿನ ಅಂಚು ತಟ್ಟಿದ, ಹೆಬ್ಬೆರಳು ಎಳೆದ. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರೂ ಎದ್ದು ಹೋಗಲಿಲ್ಲ. ಆಮೇಲೆ ಅಣ್ಣನಿಗೆ ಹುರುಪು ಬಂತು. ಬಲಭುಜ ಎತ್ತಿದ. ಟ್ಯೂಬು ಕಟ್ಟಿದ ಕೋಲು ಬಿದ್ದು, ಚರ್ಮ ತಪ್ಪಿ, ಡ್ರಮ್ಮಿನ ಕಬ್ಬಿಣಕ್ಕೆ ಬಡಿದು ಕೆಟ್ಟದಾಗಿ ಠಣ್ ಎಂದಿತು.

ನಾನು ಜೋರು ಊದಿದೆ. ಯೋಚಿಸಿ ಊದಿದ್ದಲ್ಲ. ಮತ್ತೆ ತಪ್ಪಿತು, ಮತ್ತೆ ಜೋರು ಮಾಡಿದೆ. ನನ್ನ ಊದಿಗೆ ಬೇಸು ಮುಳುಗಿತು, ಎಡಗೈಯ ಒಳ್ಳೆಯ ಪೆಟ್ಟುಗಳೂ ಮುಳುಗಿದವು. ಜನರಿಗೆ ಅದು ಹಿಡಿಸಿತು! ತಲೆ ಆಡಿಸಿದರು. ನಿಲ್ಲಿಸಿದಾಗ ಚಪ್ಪಾಳೆ ಬಿತ್ತು. ಅತ್ತಿಗೆಯ ಮುಖ ನೋಡಿದೆ. ಸ್ವಲ್ಪ ಸಡಿಲಾಗಿತ್ತು.

ನಡುವಿನ ಬಿಡುವಿನಲ್ಲಿ ಅಣ್ಣನನ್ನು ಹಿಂದಿನ ಕೋಣೆಗೆ ನಡೆಸಿಕೊಂಡು ಹೋದೆ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನೀರು ಕೊಟ್ಟೆ, ಬೇಡವೆಂದ. ಬಲಗೈಯನ್ನು ಎಡಗೈಯಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟ. ಟ್ಯೂಬು ಬಿಚ್ಚು ಎಂದು ಸನ್ನೆ ಮಾಡಿದ. ನಾನು ಬಿಚ್ಚುತ್ತಿದ್ದಾಗ ನನ್ನ ಮುಖ ನೋಡದೆ ಹೇಳಿದ.

“ನಿನ್ನ ಅತ್ತಿಗಿ ಹೇಳ್ಯಾಳಂತ ಗೊತ್ತೈತಿ. ನಾ ಇನ್ನಾ ಸತ್ತಿಲ್ಲಲೇ ತಮ್ಮಾ. ಮ್ಯಾಲ ಬಟ್ಟಿ ಹೊಚ್ಚಬ್ಯಾಡ.”

ಅವನ ಅಂಗೈ ಮೇಲೆ ಟ್ಯೂಬಿನ ಪಟ್ಟಿಯ ಗುರುತು ಮೂಡಿತ್ತು. ಅದನ್ನು ತಿಕ್ಕುತ್ತಾ ಕೂತೆ. ಹೊರಗೆ ಚಹಾದ ಲೋಟಗಳ ಸದ್ದು. ಅಲ್ಲಿ ಒಬ್ಬಾಕೆ ನನ್ನ ಮಾತಿನ ಮೇಲೆ ಭಾರ ಹಾಕಿ ಕೂತಿದ್ದಾಳೆ, ಇಲ್ಲಿ ಇವನು ಹೀಗನ್ನುತ್ತಾನೆ. ಒಬ್ಬರಿಗೆ ಒಳ್ಳೆಯವನಾದರೆ ಇನ್ನೊಬ್ಬರಿಗೆ ದ್ರೋಹ. ಬಾಗಿಲವರೆಗೆ ನಡೆದು ಬರುವಾಗಲೂ ನನಗೆ ಏನು ಮಾಡುತ್ತೇನೆಂದು ಗೊತ್ತಿರಲಿಲ್ಲ.

ಎರಡನೆಯ ಸಲ ಬೇಸ್‌ನವರು ಬೆರಳಿನಿಂದ ತಂತಿ ಮೀಟಿ, ನಿಲ್ಲಿಸಿ, ಮತ್ತೆ ಮೀಟಿದರು. ಅಣ್ಣ ಬರೀ ಕೇಳುತ್ತಿದ್ದ. ಎಡಗೈಯ ಕೋಲನ್ನೂ ಕೆಳಗಿಟ್ಟಿದ್ದ. ಆಮೇಲೆ ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದ, ಎತ್ತಿದ, ಡ್ರಮ್ಮಿನ ಮೇಲೆ ಬಿಟ್ಟ.

ದಪ್ ಎಂದು ಬಿತ್ತು. ಅದರ ಹಿಂದೆಯೇ ತಂತಿಗಳು ಝರ್ ಎಂದವು. ಕೋಲಿನ ಪೆಟ್ಟಲ್ಲ, ಬೆರಳಿನದೂ ಅಲ್ಲ. ಸತ್ತ ಕೈಯೊಂದರ ತೂಕದ ಸದ್ದು. ಮತ್ತೆ ಎತ್ತಿದ, ಮತ್ತೆ ಬಿಟ್ಟ. ಪಡಸಾಲೆಯಲ್ಲಿ ಬೀಸಣಿಗೆಗಳು ನಿಂತವು.

ನನ್ನ ರೀಡು ತುಟಿಯ ಮೇಲಿತ್ತು. ಎದೆಯಲ್ಲಿ ಉಸಿರು ತುಂಬಿತ್ತು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು, ಸೆರಗು ಬಾಯಿಗಿತ್ತು. ಊದು, ಊದು ಎನ್ನುತ್ತಿತ್ತು ಆ ನೋಟ. ಇಷ್ಟು ವರ್ಷದ ರೂಢಿಯೂ ಅದನ್ನೇ ಹೇಳುತ್ತಿತ್ತು. ನಾನು ಸ್ಯಾಕ್ಸೋಫೋನನ್ನು ಬಾಯಿಂದ ತೆಗೆದೆ. ಕೊರಳ ಪಟ್ಟಿಗೆ ಅದು ಜೋತುಬಿತ್ತು. ಎರಡೂ ಕೈ ಹಿಂದೆ ಕಟ್ಟಿಕೊಂಡೆ, ಅವುಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಅಣ್ಣ ಆ ಕೈಯನ್ನು ಚರ್ಮದ ಮೇಲೆ ಎಳೆದ. ಉಗುರುಗಳು ಕೆರೆದವು. ಅಂಚಿಗೆ ಬಂದಾಗ ಕೈ ಜಾರಿ, ಕೆಳಗೆ ನೇತುಬಿತ್ತು. ಹಿಡಿಯಲು ಬಾಗಿದ, ಸಿಗಲಿಲ್ಲ. ಮೈ ಒಂದು ಕಡೆ ವಾಲಿತು. ಅವನ ಏದುಸಿರು ಎಲ್ಲರಿಗೂ ಕೇಳುತ್ತಿತ್ತು. ಬೇಸ್‌ನವರೂ ನಿಲ್ಲಿಸಿದ್ದರು. ಯಾರೋ ಎದ್ದು ಹಿಡಿಯಲು ಬಂದರು, ಮೇಡಂ ಅವರ ತೋಳು ಹಿಡಿದು ಕೂರಿಸಿದರು. ಆ ಹೊತ್ತು ಎಷ್ಟು ಉದ್ದವಿತ್ತೋ ನಾನು ಹೇಳಲಾರೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ, ಸುಮ್ಮನೆ ನಿಲ್ಲುವ ಕೆಲಸ.

ಕೊನೆಗೆ ಕೈ ಸಿಕ್ಕಿತು. ಅದನ್ನು ಡ್ರಮ್ಮಿನ ನಡುವೆ ಇಟ್ಟು, ಅದರ ಮೇಲೆ ಎಡಗೈ ಇಟ್ಟುಕೊಂಡು ಕೂತ. ಅಣ್ಣ ಅಳುತ್ತಿದ್ದ. ಮುಚ್ಚಿಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಆಗ ನಾನು ವಾದ್ಯವನ್ನು ಎತ್ತಿ, ಅದರಲ್ಲಿರುವ ತೀರ ಕೆಳಗಿನ ಸ್ವರವನ್ನು, ಉಸಿರು ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ ಹಿಡಿದೆ. ಡ್ರಮ್ಮಿನ ತಂತಿಗಳು ಅವನ ಕೈಗಳ ಕೆಳಗೆ ನಡುಗಿ ಗುಂಯ್ ಎಂದವು. ಬಲಗೈಗೆ ಅದು ತಿಳಿಯಿತೋ ಇಲ್ಲವೋ. ಎಡಗೈಗಂತೂ ತಿಳಿದಿರಬೇಕು, ಅವನು ಕಣ್ಣು ಮುಚ್ಚಿದ. ನನ್ನ ಉಸಿರು ಮುಗಿಯಿತು. ಸಂಜೆ ಅಲ್ಲಿಗೆ ಮುಗಿಯಿತು.

ಚಪ್ಪಾಳೆ ತಡವಾಗಿ, ಅಲ್ಲೊಂದು ಇಲ್ಲೊಂದು ಬಿತ್ತು. ಒಬ್ಬರು ಹೋಗುತ್ತಾ ಪಾಪ ಎಂದದ್ದು ನಮಗೆಲ್ಲ ಕೇಳಿಸಿತು. ಕೌದಿ ಕೊಟ್ಟ ಹೆಂಗಸೊಬ್ಬಳು ತನ್ನದನ್ನು ಬಿಚ್ಚಿಕೊಳ್ಳಲು ಬಂದವಳು ಅಣ್ಣನ ಮುಂದೆ ನಿಂತು, ನಮ್ಮಪ್ಪಗೂ ಹಿಂಗ ಆಗಿತ್ತು ಎಂದು ಹೇಳಿ, ಕೌದಿ ಮರೆತು ಹೋದಳು.

ಅಣ್ಣನನ್ನು ಗಾಡಿಗೆ ಹತ್ತಿಸುವಾಗ ಅತ್ತಿಗೆ ನನ್ನ ಕಡೆ ತಿರುಗಿ, “ಮಾತು ಕೊಟ್ಟಿದ್ದಿ” ಎಂದರು. ಬೈದಿದ್ದರೆ ವಾಸಿಯಿತ್ತು.

ಮುಂದಿನ ವಾರ ಕುರುಗೋಡಿನ ಬಸ್ಸಿನಲ್ಲಿ ಡ್ರಮ್ಮು ಬಂತು, ಕೋಲುಗಳ ಸಮೇತ. ಮೂಲೆಯಲ್ಲಿ ಕೂರಿಸಬೇಡಿ, ಬಾರಿಸಿ ಎಂದು ಅಣ್ಣ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದ. ಅತ್ತಿಗೆ ಹೆದರಿದ್ದೇ ಆಯಿತು, ನಾನು ಅವನನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟೆ ಎಂದುಕೊಂಡೆ. ಎರಡು ಸಲ ಅವರ ಮನೆಗೆ ಹೋದೆ. ಅಣ್ಣ ಮಲಗಿದ್ದ, ಅತ್ತಿಗೆ ಚಹಾ ಕೊಟ್ಟರು, ಮಾತಾಡಲಿಲ್ಲ. ಆಮೇಲೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಡ್ರಮ್ಮನ್ನು ಸಿರಿಗೇರಿಯಿಂದ ಹೊಸದಾಗಿ ನಮ್ಮ ಸೆಟ್ ಸೇರಿದವನ ಕೊರಳಿಗೆ ಹಾಕಿದೆವು. ಒಳ್ಳೆಯ ಕೈ ಅವನದು.

ಮಾಘದಲ್ಲಿ ಕುರುಗೋಡಿನದೇ ಒಂದು ಮದುವೆ ಬಂತು. ಸಂಜೆಯ ಮೆರವಣಿಗೆ ಅಣ್ಣನ ಓಣಿಯಿಂದಲೇ ಹೋಗಬೇಕಿತ್ತು. ತಿರುವಿನಲ್ಲಿ ಕಟ್ಟೆ ಕಾಣಿಸಿತು, ಅದರ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತ ಅಣ್ಣನೂ ಕಾಣಿಸಿದ. ನಮ್ಮ ಮುಂದೆ ನಡೆಯುತ್ತಿದ್ದ ಕ್ಲಾರಿನೆಟ್ಟಿನ ಮಾಸ್ಟರು ಅವನನ್ನು ನೋಡಿದರು. ಅವನದೇ ಡ್ರಮ್ಮು ಬೇರೆಯವನ ಕೊರಳಲ್ಲಿ ಅವನ ಮನೆ ಮುಂದೆ ಬಾರಿಸಿಕೊಂಡು ಹೋಗುವುದು ಹೇಗೆ ಎಂದು ಅವರಿಗೆ ಅನಿಸಿರಬೇಕು. ಕೈ ಮೇಲೆತ್ತಿದರು. ಬಾಜಾ ನಿಂತಿತು. ಕುಣಿಯುತ್ತಿದ್ದವರು ತಿರುಗಿ ನೋಡಿದರು. ನಾವು ತಲೆ ತಗ್ಗಿಸಿ, ಹೆಜ್ಜೆಯ ಸದ್ದೂ ಆಗದಂತೆ ಆ ಮನೆ ದಾಟತೊಡಗಿದೆವು.

ಆ ನಿಶ್ಶಬ್ದದಲ್ಲಿ ಅಣ್ಣ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಡಗೈಯಿಂದ ಬಲಗೈ ಎತ್ತಿ, ತೊಡೆಯ ಮೇಲೆ ಬಿಟ್ಟ. ಮತ್ತೆ ಎತ್ತಿದ, ಬಿಟ್ಟ. ಎಲ್ಲಿ ನಾವು ನಿಲ್ಲಿಸಿದ್ದೆವೋ ಅಲ್ಲಿಂದ ತಾಳ ಹಿಡಿದಿದ್ದ.

ಅತ್ತಿಗೆ ಬಾಗಿಲಿಗೆ ಬಂದರು. ಸೆಟ್‌ನವರಿಗೆಂದು ತಂದ ನೀರಿನ ತಂಬಿಗೆ ಕೈಯಲ್ಲಿತ್ತು. ನಿಂತ ಬಾಜಾ ನೋಡಿದರು, ಗಂಡನ ಕೈ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಷಾಢದ ಆ ಸಂಜೆಯಾದಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

“ಬಾರ್ಸ್ರಪ್ಪ. ನಮ್ಮನ್ಯಾಗ ಯಾರೂ ಸತ್ತಿಲ್ಲ.”

ಸಿರಿಗೇರಿಯವನು ಕೋಲು ಎತ್ತಿದ. ನಾನು ರೀಡನ್ನು ತುಟಿಗಿಟ್ಟುಕೊಂಡೆ, ಆದರೆ ತುಟಿ ನಡುಗಿ ಸ್ವರ ಒಡೆಯಿತು. ಸೆಟ್‌ನವರು ಎಂದಿನಂತೆ ಜೋರು ಮಾಡಿ ನನ್ನನ್ನು ಮುಚ್ಚಿದರು.